ಗುರುಸಿದ್ದನ ಹಲ್ಲಿನ ಚೂರು

ನಮ್ಮ ಗುರುಸಿದ್ದನಿಗೆ ಎರಡು ವರ್ಷ. ಮಾತು ಇನ್ನೂ ಸರಿಯಾಗಿ ಬಂದಿಲ್ಲ, ಆದರೆ ಡಿಕ್ಕಿ ಹೊಡೆಯುವುದು ಚೆನ್ನಾಗಿ ಬಂದಿದೆ. ಗೋಡೆಗೆ, ಗ್ಯಾಸ್ ಸಿಲಿಂಡರಿಗೆ, ಬ್ಲೌಸಿನ ಅಳತೆ ಕೊಡಲು ಬಂದವರ ಮೊಣಕಾಲಿಗೆ, ಎಲ್ಲಕ್ಕೂ ತಲೆ ತಗ್ಗಿಸಿ ಓಡಿಹೋಗಿ ಒಂದು ಕೊಡುತ್ತಾನೆ. ನಾನು ರಾಯಚೂರಿನ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಗಂಡ ಪ್ರಭುರಾಜ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುತ್ತಾರೆ, ವಾರಕ್ಕೊಮ್ಮೆ ಮುಖ ತೋರಿಸುತ್ತಾರೆ. ಮದುವೆ ಸೀಜನ್ನಿನಲ್ಲಿ ಹೊಲಿಗೆ ಮೈಮೇಲೆ ಬಿದ್ದಾಗ ಮಗನನ್ನು ದೇವದುರ್ಗದಲ್ಲಿ ಅತ್ತೆ-ಮಾವನ ಹತ್ತಿರ ಬಿಡುವುದು ರೂಢಿ.

ಈ ಸಲವೂ ಬಿಟ್ಟಿದ್ದೆ. ಭಾನುವಾರ ಕರೆತರಲು ಹೋದರೆ ಅತ್ತೆ ಆದೆಮ್ಮ ಬಾಗಿಲಿಗೇ ಬಂದು ನನ್ನ ಚೀಲ ಇಸಿದುಕೊಂಡರು. ಏನೋ ಆಗಿದೆ ಎಂದು ಆಗಲೇ ಗೊತ್ತಾಯಿತು. ಮದುವೆಯಾದಾಗಿನಿಂದ ಅವರು ನನ್ನ ಚೀಲ ಮುಟ್ಟಿದವರಲ್ಲ. ಒಳಗೆ ಮಗ ನನ್ನನ್ನು ನೋಡಿ ಬಾಯಿ ತುಂಬ ನಕ್ಕ. ಮೇಲಿನ ಮುಂದಿನ ಹಲ್ಲಿಗೆ ಒಂದು ಮೂಲೆಯೇ ಇರಲಿಲ್ಲ. ತುಟಿ ಊದಿತ್ತು.

“ಬಿದ್ದಾನವಾ,” ಎಂದರು ಅತ್ತೆ.

“ಎಲ್ಲಿ ಬಿದ್ದ?”

“ನೆಲದ ಮ್ಯಾಲ. ಮತ್ತೆಲ್ಲಿ ಬೀಳ್ತಾರ ಮಂದಿ?”

ಅಂಗಳದಲ್ಲಿ ಮಾವ ದುರುಗಪ್ಪ ಟಗರಿನ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹಣೆಗೆ ಅರಿಶಿನ ಹಚ್ಚುತ್ತಿದ್ದರು.

“ಮರಿಗೇನಾತ್ರಿ ಮಾವಾ?”

ಮಾವ ಅತ್ತೆಯ ಮುಖ ನೋಡಿದರು. “ಅದೂ ಬಿದ್ದದ,” ಎಂದರು.

ಇನ್ನು ಕೇಳಿ ಉಪಯೋಗವಿಲ್ಲವೆಂದು ಮಗನನ್ನು ಎತ್ತಿಕೊಂಡು ಬಸ್ಸು ಹತ್ತಿದೆ. ದಾರಿಯಲ್ಲಿ ಅವನಿಗೆ ಕೆಮ್ಮು ಶುರುವಾಯಿತು.

ಮರುದಿನ ಬೆಳಿಗ್ಗೆ ಹಲ್ಲಿನ ಡಾಕ್ಟರ್ ಗುಲ್ಫಶಾ ಅವರ ಕ್ಲಿನಿಕ್ಕಿಗೆ ಹೋದೆ. ನನಗಿಂತ ಸಣ್ಣ ವಯಸ್ಸಿನ ಹುಡುಗಿ. ಮಗ ಮೊದಲು ಅವರ ಹೊಟ್ಟೆಗೆ ಒಂದು ಡಿಕ್ಕಿ ಕೊಟ್ಟ. ಅವರು ಅದನ್ನು ಸಲಾಮು ಎಂದೇ ತಿಳಿದು, ತೊಡೆಯ ಮೇಲೆ ಮಲಗಿಸಿಕೊಂಡು, ಟಾರ್ಚು ಹಿಡಿದು ಬಾಯಿ ನೋಡಿದರು. ತುಟಿಯನ್ನು ಒಳಗೂ ಹೊರಗೂ ಒತ್ತಿ ನೋಡಿದರು.

“ಹಲ್ಲಿನ ಬೇರಿಗೆ ಏನೂ ಆಗಿಲ್ರಿ. ಚೂಪು ಇದ್ದದ್ದು ನುಣ್ಣಗ ಮಾಡಿ ಬಿಡ್ತೀನಿ. ಅದಿರ್ಲಿ, ಚೂರು ಎಲ್ಲಿ ಹೋತು?”

“ಯಾವ ಚೂರು ಡಾಕ್ಟ್ರೇ?”

“ಮುರದದ್ದು. ತುಟಿಯಾಗ ಸಿಕ್ಕೊಂಡಿಲ್ಲ. ನುಂಗಿದ್ರ ಚಿಂತಿಲ್ಲ, ತಾನೇ ಹೊರಗ ಬರತದ. ಆದ್ರ ಕೂಸು ಕೆಮ್ಮಾಕತ್ತದ ನೋಡ್ರಿ. ಉಸುರಿನ ಕೂಡ ಎದಿಯಾಗ ಇಳದಿದ್ರ ಛಲೋ ಅಲ್ಲ. ಚೂರು ಸಿಗಲಿಲ್ಲಂದ್ರ ದೊಡ್ಡ ದವಾಖಾನಿಗೆ ಚೀಟಿ ಕೊಡ್ತೀನಿ. ಎಕ್ಸ್-ರೇ ತೆಗೀತಾರ. ಒಳಗ ಅದ ಅಂದ್ರ ಮಂಪರು ಕೊಟ್ಟು ನಳಗಿ ಹಾಕಿ ತೆಗೀಬೇಕಾಗತದ.”

ಆ ಮೇಲೆ ಅವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಇಷ್ಟು ಸಣ್ಣ ಎದೆ, ಅದರೊಳಗೆ ನಳಿಗೆ. ಫೋನ್ ತೆಗೆದು ಅತ್ತೆಗೆ ಹಚ್ಚಿದೆ.

“ಅತ್ತಿ, ಹಲ್ಲಿನ ಚೂರು ಅಲ್ಲೆಲ್ಲಾದ್ರೂ ಬಿದ್ದದೇನ್ರಿ?”

ಆ ಕಡೆ ಅತ್ತೆ ಕೋಳಿಗಳನ್ನು ಎರಡು ಸಲ ‘ಹುಶ್’ ಎಂದು ಓಡಿಸಿದರು.

“ಚೂರಾ? ಇಲ್ಲವಾ. ಮನಿ ತುಂಬ ಕಸ ಹೊಡದೀನಿ.”

“ಇನ್ನೊಮ್ಮಿ ನೋಡ್ರಿ, ಡಾಕ್ಟ್ರು—”

“ನೋಡೀನಿ ಅಂದ್ನೆಲ್ಲ! ಹಲ್ಲು ಕದ್ದು ನಾ ಏನು ಸರಾ ಮಾಡಿಸಿಕೊಳ್ಳೋಕಿನಾ?”

ಫೋನ್ ಇಟ್ಟೇಬಿಟ್ಟರು. ಮತ್ತೆ ಹಚ್ಚಿದರೆ ಸ್ವಿಚ್ ಆಫ್. ಡಾಕ್ಟರು ಚೀಟಿ ಬರೆಯಲು ಪೆನ್ನು ತೆಗೆದರು. ನನ್ನ ಕಣ್ಣಲ್ಲಿ ನೀರು ತುಂಬಿ ಅವರ ಪೆನ್ನೂ ಮಸುಕಾಗಿ ಕಾಣುತ್ತಿತ್ತು.

ಅಷ್ಟರಲ್ಲಿ ಮಗ ಟೇಬಲ್ಲಿನ ಮೇಲಿದ್ದ ಹತ್ತಿಯನ್ನು ಎಳೆದುಕೊಂಡಿದ್ದ. ಬಾಯಿಗೆ ಹಾಕಿ ನೆನೆಸಿದ. ಎರಡೂ ಅಂಗೈ ನಡುವೆ ಇಟ್ಟು ಉಂಡೆ ಕಟ್ಟಿದ, ಥೇಟ್ ಅಜ್ಜಿಯ ಗತ್ತಿನಲ್ಲಿ. ಆಮೇಲೆ ಬೀರುವಿಗೆ ಬೆನ್ನು ಮಾಡಿ ನಿಂತು, ತಲೆಯ ಮೇಲಿಂದ ಹಿಂದಕ್ಕೆ ಒಗೆದ. ಉಂಡೆ ಬೀರುವಿನ ಬಾಗಿಲಿಗೆ ಬಡಿದು ಅಲ್ಲೇ ಅಂಟಿಕೊಂಡಿತು. ಮಗ ಚಪ್ಪಾಳೆ ತಟ್ಟಿದ. ಕೂಡಲೇ ಏನೋ ನೆನಪಾದವನಂತೆ ನನ್ನ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು “ಶ್ಶ್!” ಎಂದ.

“ಏನ್ ಮಾಡಾಕತ್ತಾನ ಇವ?” ಎಂದರು ಡಾಕ್ಟರು.

ನನಗೆ ಗೊತ್ತಾಗಿಹೋಗಿತ್ತು. ನಾನೂ ಹಳ್ಳಿಯಲ್ಲಿ, ಚಂದ್ರಬಂಡದಲ್ಲಿ ಬೆಳೆದವಳು. ನನ್ನ ಹಾಲುಹಲ್ಲುಗಳೂ ಹಾಗೇ ಹೋದವು. ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ, ಮನೆಗೆ ಬೆನ್ನು ಮಾಡಿ, ಮಾಳಿಗೆಯ ಮೇಲೆ ಒಗೆದರೆ ಹೊಸ ಹಲ್ಲು ಬೇಗ ಬರುತ್ತದೆ. ಅತ್ತೆ ಮುರಿದ ಚೂರಿಗೂ ಅದೇ ಮರ್ಯಾದೆ ಮಾಡಿದ್ದರು. ಹೇಳಲು ಮಾತ್ರ ಧೈರ್ಯ ಬಂದಿರಲಿಲ್ಲ. ಹೋದ ಸಲ ಮಗನ ಕಿವಿಗೆ ಬಿಸಿ ಎಣ್ಣೆ ಬಿಟ್ಟಾಗ, ಇನ್ನೊಮ್ಮೆ ಇಂಥ ಪದ್ಧತಿ ನಡೆಸಿದರೆ ಕೂಸನ್ನು ಕಳಿಸುವುದೇ ಇಲ್ಲ ಎಂದು ಕೂಗಾಡಿದ್ದೆ.

ಈ ಸಲ ಮಾವನ ಫೋನಿಗೆ ವಿಡಿಯೋ ಕಾಲ್ ಹಚ್ಚಿದೆ. ಮೊದಲು ಅವರ ಕಿವಿ ಕಂಡಿತು.

“ಮಾವಾ, ಚೂರು ಕೂಸಿನ ಎದಿಯಾಗ ಹೋಗ್ಯದೇನೋ ಅಂತಾರ ಡಾಕ್ಟ್ರು. ಚೂರು ಸಿಗಲಿಲ್ಲಂದ್ರ ಮಂಪರು ಕೊಟ್ಟು—”

ಕಿವಿ ಮಾಯವಾಗಿ ಅತ್ತೆಯ ಮುಖ ಬಂತು. “ಎದಿಗಾ? ಅಯ್ಯ ನನ ಕಂದಾ! ಎದಿಗಿಲ್ಲವಾ, ಮಾಳಗಿ ಮ್ಯಾಲ ಅದ! ನನ ಕೈಯಾರ ಒಗದೀನಿ. ಏ, ಹತ್ತು ಲಗೂನ! ಇನ್ನಾ ನಿಂತಾನ ನೋಡು!”

ಮಾವ ಫೋನ್ ಹಿಡಿದೇ ಏಣಿ ಹತ್ತಿದರು. ನಮಗೆ ಆಕಾಶ, ಧೋತರ, ಮತ್ತೆ ಆಕಾಶ ಕಂಡಿತು. ಕೊನೆಗೆ ಮಾಳಿಗೆ ಕಂಡಿತು. ಮಾಳಿಗೆಯ ತುಂಬ ಅತ್ತೆ ತಟ್ಟಿ ಒಣಹಾಕಿದ್ದ ಸಗಣಿ ಕುಳ್ಳುಗಳಿದ್ದವು.

“ಇದರಾಗ ಯಾವುದಂತ ಹುಡುಕ್ಲಿ?” ಎಂದರು ಮಾವ.

“ಕುಳ್ಳು ಚಪ್ಪಟ ಇರ್ತಾವ. ನಂದು ದುಂಡಗದ, ಗಜನಿಂಬಿಯಷ್ಟು!” ಕೆಳಗಿನಿಂದ ಕೂಗು ಬಂತು.

“ಅಕ್ಕಿಕಾಳಷ್ಟು ಚೂರಿಗೆ ಗಜನಿಂಬಿಯಷ್ಟು ಹೆಂಡಿ ಯಾಕ ಬೇಕಿತ್ತಲೇ?”

“ಗಟ್ಟಿ ಹಲ್ಲು ಬರಲಿ ಅಂತ! ನೀ ಹುಡುಕು ಮೊದ್ಲ!”

ಮಾವ ದುಂಡಗೆ ಕಂಡದ್ದನ್ನೆಲ್ಲ ಒಂದೊಂದೇ ಒಡೆದು ಕ್ಯಾಮೆರಾಕ್ಕೆ ಹಿಡಿದರು. ಒಂದರಲ್ಲಿ ಕಡ್ಡಿ. ಇನ್ನೊಂದರಲ್ಲಿ ಜೋಳ. ಡಾಕ್ಟರ್ ಗುಲ್ಫಶಾ ಪ್ರತಿಯೊಂದನ್ನೂ ಬಗ್ಗಿ ನೋಡಿ “ಇದಲ್ಲ, ಮುಂದಿಂದು ತೋರಸ್ರಿ” ಎನ್ನುತ್ತಿದ್ದರು. ಹೊರಗೆ ಕಾಯುತ್ತಿದ್ದ ಪೇಷಂಟುಗಳು ಬಾಗಿಲಲ್ಲಿ ಬಂದು ನಿಂತರು. ಕಟ್ಟಕಡೆಗೆ, ನೀರಿನ ಟಾಕಿಯ ಹಿಂದಿನ ಉಂಡೆಯೊಳಗೆ ಬೆಳ್ಳಗೆ ಏನೋ ಮಿನುಗಿತು. ಮಾವ ಅದನ್ನು ಧೋತರಕ್ಕೆ ಒರೆಸಿ ಹಿಡಿದರು. ಡಾಕ್ಟರು ಮಗನ ಬಾಯಿ ತೆರೆದು ಹಲ್ಲು ನೋಡಿದರು, ಫೋನ್ ನೋಡಿದರು, ಮತ್ತೆ ಹಲ್ಲು ನೋಡಿದರು.

“ಇದೇ. ಪೂರಾ ಅದ, ಕೂಸಿನ ಒಳಗ ಒಂದು ತುಣುಕೂ ಉಳದಿಲ್ಲ. ಎಕ್ಸ್-ರೇ ಬ್ಯಾಡ. ಕೆಮ್ಮು ನೆಗಡಿದಿರಬೇಕು, ಮಕ್ಕಳ ಡಾಕ್ಟ್ರಿಗೆ ತೋರಸ್ರಿ ಸಾಕು.”

ನಾನು ಮಗನನ್ನು ಎತ್ತಿ ಎದೆಗೆ ಅವಚಿಕೊಂಡೆ.

ಮಾವನಿಗೂ ಜೀವ ಬಂದಿರಬೇಕು. “ನಾ ನಿನ್ನೇನೇ ಹೇಳಿದ್ದೆ,” ಎಂದರು ಹಿಗ್ಗಿನಿಂದ. “ಮರಿ ಹಣಿಯಾಗ ಏನೂ ಚುಚ್ಚಿಲ್ಲ, ಚೂರು ಬ್ಯಾರೆ ಕಡಿ ಬಿದ್ದದ ಅಂತ.”

“ಮರಿ ಹಣಿಗೂ ಹಲ್ಲಿಗೂ ಏನು ಸಂಬಂಧ ಮಾವಾ?”

ಪರದೆಯಲ್ಲಿ ಮತ್ತೆ ಮಾವನ ಕಿವಿ ಕಂಡಿತು.

“ಅಂವನೇ ಮೊದ್ಲ ಡಿಕ್ಕಿ ಹೊಡದದ್ದು,” ಎಂದರು ಮೆಲ್ಲಗೆ. “ಮರಿ ಸುಮ್ಮನ ನಿಂತಿತ್ತು. ನಾ ಬರೇ ಟಗರಿನ ಕಾಳಗದಾಗ ಅಂದಂಗ ‘ಹುರ್ರ್’ ಅಂದೆ.”

“ಹೇಳೇಬಿಟ್ಟಿ ನೋಡು!” ಕೆಳಗಿನಿಂದ ಅತ್ತೆ ಕೂಗಿದರು. ಏನೋ ಕಟ್ಟಿಗೆ ಎಳೆದ ಸಪ್ಪಳ. ಮಾವ ಅಂಚಿಗೆ ಓಡಿ ಬಗ್ಗಿದರು. “ಲೇ ಆದೆಮ್ಮ! ಏಣಿ ಇಡು! ಬಿಸಲಾಗ ಸಾಯ್ತೀನಿ!”

“ಸಾಯಂಗಿಲ್ಲ, ಅಲ್ಲೇ ಟಾಕಿ ನೆಳ್ಳದ. ಉಮಾ, ಕೇಳಸ್ತದೇನವಾ?” ಅತ್ತೆಯ ದನಿ ಈಗ ಬಹಳ ಸಣ್ಣದಾಗಿತ್ತು. “ಕೂಸಿನ್ನ ಕಳಸ್ತೀಯಲ್ಲ ಮತ್ತ?”

ಬೈಯಲು ನನ್ನ ಹತ್ತಿರ ಬಹಳಷ್ಟಿತ್ತು. ಬಾಯಿ ತೆರೆದರೆ ಬಂದದ್ದು ನಗು.

“ಕಳಸ್ತೀನಿ. ಇನ್ನ ಮ್ಯಾಲ ಏನಾದ್ರೂ ನನಗ ಹೇಳೇ ಮಾಡ್ಬೇಕು.”

“ಹಂಗಾರ ಹೇಳೇ ಮಾಡ್ತೀನಿ. ಆ ಚೂರು ಮತ್ತ ಒಗೀಲೇನು? ತಗದಬಿಟ್ಟೀವಲ್ಲ, ಹಲ್ಲು ಬರಬೇಕಲ್ಲ.”

ನಾನು ಡಾಕ್ಟರನ್ನು ನೋಡಿದೆ. ಅವರು ಮುಖ ಗಂಭೀರ ಮಾಡಿಕೊಂಡು, “ಹಲ್ಲು ಅದರ ಟೈಮಿಗೆ ಬರತದ. ಒಗದ್ರ ಏನೂ ಲುಕ್ಸಾನಿಲ್ಲ,” ಎಂದರು.

“ಒಗೀರಿ ಅತ್ತಿ. ಮಾವ ಮ್ಯಾಲೇ ಅದಾರಲ್ಲ, ಅಲ್ಲೇ ಇಟ್ಟುಬಿಡ್ಲಿ.”

“ಇಟ್ರ ನಡೆಯಂಗಿಲ್ಲ, ಕೆಳಗಿಂದನ ಒಗೀಬೇಕು,” ಎಂದು ಅತ್ತೆ ಮಾವನಿಂದ ಚೂರನ್ನು ಸೆರಗಿಗೆ ಹಾಕಿಸಿಕೊಂಡರು. ಉಂಡೆ ಕಟ್ಟಿದರು, ಬೆನ್ನು ಮಾಡಿ ನಿಂತರು. ಇಷ್ಟೂ ಮಾವನ ಫೋನಿನಲ್ಲಿ ಮೇಲಿನಿಂದ ಚೆನ್ನಾಗಿ ಕಂಡಿತು. ಆಮೇಲೆ ದುಂಡಗಿನದೊಂದು ಪರದೆಯ ಕಡೆಗೆ ದೊಡ್ಡದಾಗುತ್ತಾ ಬಂತು, “ಯಪ್ಪಾ!” ಎಂಬ ಕೂಗು ಕೇಳಿತು, ಎಲ್ಲ ಕತ್ತಲಾಯಿತು.

ಬಾಗಿಲಲ್ಲಿದ್ದ ಪೇಷಂಟುಗಳೊಂದಿಗೆ ಗುರುಸಿದ್ದನೂ ಜೋರಾಗಿ ಚಪ್ಪಾಳೆ ತಟ್ಟಿದ.