ಚಂದ್ರ ಕಂಡ ಸಂಜೆ
೧೯೯೮ರ ರಂಜಾನಿನ ಇಪ್ಪತ್ತೊಂಬತ್ತನೇ ದಿನ. ಚಂದ್ರ ಕಂಡರೆ ಆನ್ಸೆಲ್ಮ ದುಡಿಯುತ್ತಿದ್ದ ದುಬೈಯ ಆಫೀಸು ಹಬ್ಬಕ್ಕೆ ಐದು ದಿನ ಬಂದ್. ಕಂಪನಿ ಇಟ್ಟುಕೊಂಡಿದ್ದ ಅವನ ಪಾಸ್‌ಪೋರ್ಟ್ ಅಲ್ಲಿನ ಕಪಾಟಿನಲ್ಲಿತ್ತು. ಊರಿನಲ್ಲಿ ಅಮ್ಮ ಕುಂದಾಪುರದ ಆಸ್ಪತ್ರೆಯಲ್ಲಿ ಸಾವಿನಂಚಿನಲ್ಲಿದ್ದಳು. ಕಪಾಟಿನ ಬೀಗದ ಕೈ ಗುಮಾಸ್ತ ಇದಿನಬ್ಬರ ಬಳಿಯಿತ್ತು. ಆನ್ಸೆಲ್ಮ ಕರಾಮ ಬಡಾವಣೆಯ ಅವರ ಮನೆಗೆ ಓಡಿ ತಲುಪುವಷ್ಟರಲ್ಲಿ ರೇಡಿಯೋ ಹಬ್ಬ ಸಾರಿಬಿಟ್ಟಿತ್ತು. ಇದಿನಬ್ಬರು ಹೆಂಡತಿ ಮಕ್ಕಳನ್ನು ಹಬ್ಬದ ಪೇಟೆಗೆಂದು ಕಾರಿಗೆ ಹತ್ತಿಸಿಯಾಗಿತ್ತು.

"ಮ್ಯಾನೇಜರ್ ಸಹಿ ಇಲ್ಲದೆ ಪಾಸ್‌ಪೋರ್ಟ್ ಕೊಟ್ಟರೆ ನನ್ನ ಕೆಲಸ ಹೋಗ್ತದೆ ಮಾರಾಯಾ," ಎಂದರು ಅವರು.

"ಅಮ್ಮ ಇವತ್ತೋ ನಾಳೆಯೋ ಅಂತಿದ್ದಾಳೆ," ಎಂದ ಆನ್ಸೆಲ್ಮ.

ಕಾರಿನೊಳಗಿಂದ ಹೆಂಡತಿ ಹೇಳಿದರು: "ನಾವು ಇಳೀತೇವೆ. ನೀವು ಮೊದಲು ಇವರನ್ನು ಆಫೀಸಿಗೆ ಕರ್ಕೊಂಡು ಹೋಗಿ."

ಇದಿನಬ್ಬರು ಜೇಬಿನಲ್ಲಿ ಬೀಗದ ಕೈ ತಡಕಿದರು.

ಮರುದಿನ ಆಸ್ಪತ್ರೆಯಲ್ಲಿ ಅಮ್ಮ, ಹಾಸಿಗೆಯ ಪಕ್ಕ ಬಂದು ನಿಂತ ಮಗನ ದನಿಗೆ ಕಣ್ಣು ತೆರೆದಳು. ರಜೆ ಮುಗಿದ ಮೇಲೆ ಇದಿನಬ್ಬರಿಗೆ ಎಚ್ಚರಿಕೆ ಪತ್ರ ಬಂತು. ಕೆಲಸ ಮಾತ್ರ ಉಳಿಯಿತು.