ಬಾಗಿದ ಬೀಮಿನ ಕೆಳಗೆ

ಗೆರೆಯೋ ಬಿರುಕೋ, ಕೂದಲೆಳೆಯಷ್ಟು ಸಣ್ಣದು, ಬಾಲ್ಕನಿ ಹೊತ್ತ ಬೀಮಿನ ಪಕ್ಕೆಯಲ್ಲಿ ಓರೆಯಾಗಿ ಏರಿದೆ, ಸೆಂಟ್ರಿಂಗ್ ಹಲಗೆಯ ಗುರುತಿರಬೇಕು ಅಂದುಕೊಂಡಳು ಸೌಜನ್ಯ, ಉಗುರಿನಿಂದ ಕೆರೆದಳು, ಹೋಗಲಿಲ್ಲ — ಹಲಗೆಯ ಗುರುತು ನೆಟ್ಟಗಿರುತ್ತದೆ, ಓರೆ ಬರುವುದು ತಿರುಚಿಕೊಂಡಾಗ, ನೇರ ಬೀಮು ಭಾರಕ್ಕೆ ಬಗ್ಗುತ್ತದೆ ಅಷ್ಟೆ, ಕಮಾನಿನಂತೆ ಬಳಸಿ ಹೋದದ್ದು ಬಗ್ಗುತ್ತಲೇ ತಿರುಚಿಕೊಳ್ಳುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ, ಅದಕ್ಕೆಂದೇ ನಕ್ಷೆಯಲ್ಲಿ ಕಂಬಿಗಳ ಸುತ್ತ ರಿಂಗುಗಳನ್ನು ಒತ್ತೊತ್ತಾಗಿ ಬರೆದಿದ್ದಳು, ರಿಂಗಿನ ತುದಿಯ ಕೊಂಡಿ ಒಳಕ್ಕೆ ಮಡಚಲೇಬೇಕು, ಇಲ್ಲದಿದ್ದರೆ ತಿರುಚುವಾಗ ಬಿಚ್ಚಿಕೊಳ್ಳುತ್ತದೆ ಎಂದು ಗಂಡ ನಿರಂಜನನನ್ನು ಕೂರಿಸಿಕೊಂಡು ಹೇಳಿದ್ದಳು, ಲೆಕ್ಕ ಅವಳದು, ಕಟ್ಟುವ ಕಂಟ್ರಾಕ್ಟ್ ನಿರಂಜನನದು, ಹೊಸನಗರ ರಸ್ತೆಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ನೋಡುತ್ತಾರೆ, ಅರ್ಧಚಂದ್ರದಂಥ ಮನೆ, ಸಾಗರದಲ್ಲಿ ಇಂಥದ್ದಿಲ್ಲ ಅನ್ನುತ್ತಾರೆ, ಕಾಂಕ್ರೀಟ್ ಹಾಕಿದ ದಿನ ಮಾತ್ರ ಅವಳು ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ, ಜಾರಿಬಿದ್ದ ಅಮ್ಮನ ಪಕ್ಕ, ಫೋನಿನಲ್ಲಿ ನಿರಂಜನ, ಕಂಬಿ ಎಲ್ಲಾ ನೋಡಿದೀನಿ ಮಾರಾಯ್ತಿ, ನೀನು ಅತ್ತೆನ ನೋಡ್ಕೋ, ಎಷ್ಟು ಹಗುರವಾಗಿತ್ತು ಮನಸ್ಸು ಆಗ.

ಟಣ್ ಎಂದಿತು, ಆಳು ಶಂಭು ಬೀಮಿಗೆ ಆಸರೆ ಕೊಟ್ಟಿದ್ದ ಇನ್ನೊಂದು ಜಾಕಿ ಬಿಚ್ಚಿದ, ಬಿರುಕು ಬೆಳೆಯಿತೇ, ಇಲ್ಲ, ಹೌದು — ತಲೆಯ ಮೇಲೆ ಯಾರೋ ನಡೆಯುತ್ತಿದ್ದಾರೆ, ಕಟಕಟೆಯಿಲ್ಲದ ಬಾಲ್ಕನಿಯ ಅಂಚಿನಾಚೆ ಐದು ಬೆರಳು ಇಣುಕಿದವು, ಬೆಳ್ಳಿಯ ಕಾಲುಂಗುರ, ಮನೆ ಕಟ್ಟಿಸುತ್ತಿರುವ ಕನ್ನಮ್ಮ, ಜೋರಾಗಿ ಕೂಗಿದರೆ ಬೆಚ್ಚಿಬಿದ್ದಾರು, ಒಳಗೆ ಹೋಗಿ ಕನ್ನಮ್ಮನೋರೆ, ಯಾಕಮ್ಮಾ, ನೀವೇ ಕಟ್ಟಿದ್ದಲ್ವಾ ಇದು, ಕಟ್ಟಿದ್ದು ನಾವೇ, ಒಳಗೆ ಹೋಗಿ, ಮೆಲ್ಲಗೆ, ಹೋದರು, ಶಂಭು, ಬಿಚ್ಚಿದ್ದನ್ನೆಲ್ಲ ವಾಪಸ್ ನಿಲ್ಸು. ನಿರಂಜನ ಓಡಿ ಬಂದ, ಎಂತ ಆಯ್ತು, ಬೀಮು ಒಡೆದು ನೋಡ್ಬೇಕು, ಆಳುಗಳ ಎದುರಿಗೆ ಹಂಗೆಲ್ಲ ಹೇಳ್ಬೇಡ, ನನ್ ಮೇಲೆ ನಂಬಿಕೆ ಇಲ್ವಾ — ಇದೆ ಅನ್ನಲೇ, ಇತ್ತು ಅನ್ನಲೇ, ಜಾಕಿಗಳೆಲ್ಲ ನಿಂತ ಮೇಲೆ ಉಳಿ ಇಸಿದುಕೊಂಡು ತಾನೇ ಹೊಡೆದಳು, ಚಕ್ಕೆ ಹಾರಿತು, ಇನ್ನೊಂದು, ಕಂಬಿ ಕಂಡಿತು, ರಿಂಗಿನ ಕೊಂಡಿ ಮಡಚಿಲ್ಲ, ಬಾಯಿ ತೆರೆದುಕೊಂಡೇ ಇದೆ, ಪಕ್ಕದ್ದೂ, ಅದರ ಪಕ್ಕದ್ದೂ. ಅವತ್ತು ಮೋಡ ಕವಿದಿತ್ತು, ಕಾಂಕ್ರೀಟ್ ಗಾಡಿ ಬಂದು ನಿಂತಿತ್ತು, ಕಂಬಿ ನೋಡೋಕೆ ನಾನು ಮೇಲೆ ಹತ್ತಲೇ ಇಲ್ಲ ಸೌಜನ್ಯ. ಗೋಡೆಗೆ ಹೇಳಿದ ಹಾಗೆ ಹೇಳಿದ. ಬೀಮು ಪೂರ್ತಿ ಕೆಡವಬೇಕು ಅಂದಳು. ಕೆಡವೋಣ ಅಂದ. ಕನ್ನಮ್ಮನೋರಿಗೆ ನೀನೇ ಹೇಳು, ಇವತ್ತೇ. ಅವನು ಮೆಟ್ಟಿಲು ಹತ್ತಿದ, ಮೇಲೆ ಅವನ ದನಿ, ಕನ್ನಮ್ಮನ ದನಿ ಏರಿತು, ನಿಂತಿತು, ತಪ್ಪಿದ್ದನ್ನು ಸರಿ ಮಾಡಬಹುದು, ಕಂಬಿ ಹೊಸದು ತರಬಹುದು, ಲೆಕ್ಕ ಮತ್ತೆ ನೋಡಬಹುದು, ಅವನ ಜೊತೆ ಊಟಕ್ಕೆ ಕೂರುವುದು, ಅದೂ ಆದೀತು, ಆದರೆ ಆ ಬೆರಳುಗಳು, ಅಂಚಿನಾಚೆ ಬರೀ ಗಾಳಿಯಲ್ಲಿ, ಬೆಳ್ಳಿಯ ಉಂಗುರ, ಐದು ಬೆರಳು, ಗಾಳಿಯಲ್ಲಿ