ನಾನು ಬರೆಯದ ಪದ

ಹೆಡ್‌ಫೋನಿನ ಸ್ಪಂಜು ಕಿವಿಗೆ ತಣ್ಣಗೆ, ಒಳಗೆ ನಟಿಯ ಉಸಿರು, ಇನ್ನೂ ಮಾತಿಲ್ಲ, ಗಾಜಿನ ಆಚೆ ಮೈಕಿನ ಮುಂದೆ ಕೂದಲು ಕಟ್ಟಿಕೊಳ್ಳುತ್ತಿದ್ದಾಳೆ, ನನ್ನ ಪಕ್ಕದಲ್ಲಿ ನಿರ್ದೇಶಕ ಕಾಲು ಕುಣಿಸುತ್ತಾನೆ, ಕುಣಿಸಲಿ, ಬೆಳಗ್ಗೆ ಇವನೇ ತಾನೇ ಅಂದದ್ದು, ಮೇಡಂ, ನಮ್ಮ ಸಿನಿಮಾದ ದ್ವೀಪದವರ ಭಾಷೆ ಯಾರಿಗೆ ಗೊತ್ತಾಗುತ್ತೆ, ಬಾಯಿಗೆ ಬಂದ ಸದ್ದು ಮಾಡಿಸಿದ್ರೆ ಆಯ್ತು, ಇದೊಂದು ದೃಶ್ಯ ಕೇಳಿ ತೀರ್ಮಾನ ಮಾಡ್ತೀನಿ — ಕೇಳಪ್ಪ, ಚೆನ್ನಾಗಿ ಕೇಳು, ಬಾಯಿಗೆ ಬಂದ ಸದ್ದಿಗೆ ನಿನ್ನೆ ನಾಳೆ ಇರೋದಿಲ್ಲ, ಈ ದ್ವೀಪದವರಿಗೆ ನಾನು ಕಟ್ಟಿದ ಭಾಷೆಗೆ ಇದೆ, ನಾನೇ ಕೊಟ್ಟಿದ್ದೇನೆ, ಎರಡು ವರ್ಷ ಕೂತು, ಬಸ್ಸಿನಲ್ಲಿ ನೇತಾಡುತ್ತಾ, ಸೊಪ್ಪು ಸೋಸುತ್ತಾ, ಗಂಡ ನಗುತ್ತಿದ್ದರು, ಇರೋ ಭಾಷೇಲೇ ನನ್ನ ಮಾತು ಕಿವಿಗೆ ಹಾಕ್ಕೊಳ್ಳಲ್ಲ ನೀನು, ಇನ್ನೊಂದು ಬೇರೆ ಯಾಕೆ, ಅವರು ಹಾಗೆ ರೇಗಿಸುತ್ತಿದ್ದ ಒಂದು ಸಂಜೆಯೇ ಕರೆಂಟು ಹೋಯಿತು, ಹೋದದ್ದನ್ನು ಹೇಳುವ ಪದಕ್ಕೆ ಒಂದು ಬಾಲ ಬೇಕು ಅಂತ ಆಗಲೇ ಹೊಳೆದದ್ದು, ಝೆಲ ಅಂದರೆ ದೀಪ, ಝೆಲರೂ ಅಂದರೆ ಆರಿದ ದೀಪ, ಇದ್ದು ಈಗ ಇಲ್ಲದ್ದಕ್ಕೆಲ್ಲ ಕೊನೆಗೊಂದು ರೂ, ಬತ್ತಿದ ಬಾವಿಗೆ, ಕಳೆದ ಬೀಗದ ಕೈಗೆ, ಅದರಾಚೆ ಯೋಚಿಸಿರಲಿಲ್ಲ, ಈ ನಟಿಗೆ ಅಷ್ಟನ್ನೇ ಕಲಿಸಿದೆ, ನಡುವೆ ಕೆಲವು ದಿನ ಬರಲಿಲ್ಲ, ತಾಯಿ ತೀರಿಕೊಂಡರಂತೆ, ಬಂದಮೇಲೆ ಅದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ, ಕ್ರಿಯಾಪದ ಎಲ್ಲಿ ಬರುತ್ತೆ ಅಕ್ಕಾ, ಇನ್ನೊಂದ್ಸಲ ಹೇಳಿಕೊಡಿ, ಅಷ್ಟೇ — ಕೆಂಪು ದೀಪ ಹತ್ತಿತು, ತೆರೆಯ ಮೇಲೆ ದ್ವೀಪದ ಹುಡುಗಿ ದೋಣಿ ಹತ್ತುತ್ತಾಳೆ, ತೀರಕ್ಕೆ ವಿದಾಯ ಹೇಳುತ್ತಾಳೆ, ನನ್ನ ಮೊದಲ ಸಾಲು, ಎರಡನೆಯದು, ನಾಲಗೆ ಎಲ್ಲೂ ತೊಡರುತ್ತಿಲ್ಲ, ಭೇಷ್, ಮೂರನೆಯ ಸಾಲಿಗೆ ಬಾಯಿ ತೆರೆದವಳು ನಿಂತುಬಿಟ್ಟಳು, ಮತ್ತೆ ಮೆಲ್ಲಗೆ, ಯಾಮಿರೂ. ಯಾಮಿ ಅಂದರೆ ಅಮ್ಮ, ಅದು ನನ್ನ ಪದ, ಆದರೆ ಯಾಮಿರೂ — ನಾನು ಬರೆದಿಲ್ಲ, ಯಾರೂ ಬರೆದಿಲ್ಲ, ಆದರೂ ಎದೆಗೆ ನೆಟ್ಟಗೆ ಇಳಿಯಿತು, ತನ್ನ ಭಾಷೆಯಲ್ಲಿ ಆಡಲಾಗದ್ದನ್ನು ನನ್ನದರಲ್ಲಿ ಆಡಿದಳು, ನಿರ್ದೇಶಕನ ಕಾಲು ನಿಂತಿದೆ, ಇದು ಹಾಳೆಯಲ್ಲಿ ಇಲ್ಲವಲ್ಲ ಮೇಡಂ, ತಪ್ಪಾ, ತಪ್ಪಿಲ್ಲ, ವ್ಯಾಕರಣ ಸರಿಯಾಗಿದೆ, ಪದ ಅವಳದು ಅಂದೆ, ಅರ್ಥ ಏನು ಅಂತ ಅವನು ಕೇಳಲಿಲ್ಲ, ಕಣ್ಣೊರೆಸಿಕೊಂಡ, ಇದೇ ಇರ್ಲಿ, ಇಡೀ ಸಿನಿಮಾ ಇದರಲ್ಲೇ ಆಗ್ಲಿ ಅಂದ, ಆಗಲಿ, ಆಗಲೇಬೇಕು, ಗೊತ್ತಿತ್ತು ನನಗೆ, ಮನೆಗೆ ಹೋಗಿ ಗಂಡನಿಗೆ ಹೇಳಬೇಕು, ನನ್ನ ಕೂಸು ತಾನಾಗಿ ಮಾತಾಡಿತು ಅಂತ, ಹೇಳುವಾಗ ಸ್ವಲ್ಪ ಜಂಭವನ್ನೂ ಕೊಚ್ಚಿಕೊಳ್ಳಬೇಕು, ಆದರೆ ಏಳಲಾಗುತ್ತಿಲ್ಲ, ಗಾಜಿನ ಆಚೆ ಅವಳು ಕದಲಿಲ್ಲ, ಸದ್ದು ಮುಗಿದಿದೆ, ತುಟಿ ಮುಗಿಸಿಲ್ಲ, ದುಂಡಗೆ, ರೂ, ಮಗು ಬಾಯಿ ತೆರೆದ ಹಾಗೆ, ರೂ, ಆ ತುಟಿ, ದುಂಡಗೆ, ಇನ್ನೂ —